ಸಾರ್ಟ್ ಮಾಡಿದರೆ 275% ಮಾತ್ರ ತಪ್ಪು ಜಾಗಕ್ಕೆ ಹೋಗುತ್ತಿದೆ!!

ಏರಿಕೆಕ್ರಮ:
ಎರಡು ಗಂಟೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ಮಕ್ಕಳ ಅಭ್ಯಾಸಕ್ಕೆ ಅಂತ ಸ್ಪ್ರೆಡ್‌ಶೀಟ್‌ನಲ್ಲಿ ಐದು ಸಂಖ್ಯೆ ಹಾಕಿದ್ದೇನೆ: 3, 2 3/4, 2.8, 275%, 19/7. ಸಣ್ಣದರಿಂದ ದೊಡ್ಡದಕ್ಕೆ ಸಾರ್ಟ್ ಕೊಟ್ಟರೆ ಹೀಗೆ ಬರುತ್ತದೆ:

19/7
2 3/4
2.8
275%
3

ಉಳಿದದ್ದೆಲ್ಲ ಸರಿ. 275% ಒಂದೇ 2.8ರ ಕೆಳಗೆ ಹೋಗಿ ಕೂತಿದೆ. ಶೀಟ್‌ಗೆ ಶೇಕಡಾ ಲೆಕ್ಕ ಬರಲ್ವಾ?

ಛೇದ_ಸೊನ್ನೆ:
ಯಾವ ಸಾಫ್ಟ್‌ವೇರ್? ಸಂಖ್ಯೆಗಳನ್ನು ಹೇಗೆ ಹಾಕಿದಿರಿ?

ಏರಿಕೆಕ್ರಮ:
ಎಲ್ಲರೂ ಹಾಕುವ ಹಾಗೇ. ಟೈಪ್ ಮಾಡಿದೆ.

ಬಿಟ್_ಬೈರಾಗಿ:
ನೋಡಿದ ತಕ್ಷಣ ಗೊತ್ತಾಯಿತು. ಫ್ಲೋಟಿಂಗ್ ಪಾಯಿಂಟ್ ಕಾಟ ಇದು, ಅಂದರೆ ಕಂಪ್ಯೂಟರ್ ದಶಮಾಂಶಗಳನ್ನು ಬೈನರಿಯಲ್ಲಿ ಅಂದಾಜಾಗಿ ಇಟ್ಟುಕೊಳ್ಳುವ ಕಾಟ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿಸಿ, 0.30000000000000004 ಬರುತ್ತದೆ. ದಶಮಾಂಶ ನಂಬಬೇಡಿ. ಅಂಕಿ ಮೊಟಕು ಮಾಡುವ ರೌಂಡ್ ಸೂತ್ರ ಹಾಕಿ.

ಏರಿಕೆಕ್ರಮ:
ಪಕ್ಕದ ಕಾಲಂನಲ್ಲಿ ರೌಂಡ್ ಹಾಕಿದೆ. 19/7 ಇದ್ದ ಕಡೆ 45 ಸಾವಿರದ ಮೇಲೆ ಏನೋ ಸಂಖ್ಯೆ ಬರುತ್ತಿದೆ. ಇದೇನು ಹೊಸ ಗ್ರಹಚಾರ?

ಬಿಟ್_ಬೈರಾಗಿ:
ಸಂಖ್ಯೆ ಜಾಗ ಮೀರಿ ಓವರ್‌ಫ್ಲೋ ಆಗಿರಬೇಕು. ರೌಂಡ್‌ನಲ್ಲಿ ಸ್ಥಾನ ಜಾಸ್ತಿ ಕೊಟ್ಟು ನೋಡಿ.

ಛೇದ_ಸೊನ್ನೆ:
ಬೈರಾಗಿಗಳೇ, 2.75 ಅಂದರೆ 2 + 1/2 + 1/4. ಬೈನರಿಯಲ್ಲಿ 10.11. ಒಂದಿಷ್ಟೂ ತಪ್ಪಿಲ್ಲದೆ ಕೂರುತ್ತದೆ. 2.8 ಹಾಗೆ ಕೂರುವುದಿಲ್ಲ, ಒಪ್ಪಿದೆ. ಆದರೆ ಆ ತಪ್ಪು ಎಲ್ಲೋ 16ನೇ ಅಂಕಿಯ ಹತ್ತಿರ. ಇಲ್ಲಿ ಎರಡರ ನಡುವಿನ ಅಂತರ 0.05. ಅಷ್ಟು ದೊಡ್ಡ ಎಡವಟ್ಟನ್ನು ಫ್ಲೋಟಿಂಗ್ ಪಾಯಿಂಟ್ ಮಾಡಲ್ಲ.

ಬಿಟ್_ಬೈರಾಗಿ:
ನಾನು ಹೇಳಿದ್ದು ತತ್ವ.

ಶೇಷ_ಉಳಿಯಿತು:
ಅಸಲಿಗೆ 275% ಒಂದು ಸಂಖ್ಯೆಯೇ ಅಲ್ಲ. ಯಾವುದರ 275%? ಅದನ್ನು 3ರ ಜೊತೆ ಹೋಲಿಸುವುದೇ ತಪ್ಪು.

ಛೇದ_ಸೊನ್ನೆ:
% ಅಂದರೆ 100ರಿಂದ ಭಾಗಿಸು ಅಂತ. 275/100. ಸಂಖ್ಯೆ ಅಲ್ಲದೆ ಇನ್ನೇನು?

ಶೇಷ_ಉಳಿಯಿತು:
ಹಾಗಾದರೆ 2 3/4 ಕೂಡ ಸರಿ ಅನ್ನುತ್ತೀರಾ? ಬೀಜಗಣಿತದಲ್ಲಿ ಪಕ್ಕಪಕ್ಕ ಬರೆದರೆ ಗುಣಾಕಾರ. 2 × 3/4 = 1.5. ಮಿಶ್ರ ಭಿನ್ನರಾಶಿಯನ್ನೇ ಕೈಬಿಡಬೇಕು ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ.

ಹಳೇ_ಗುಂಡಿ:
ಇದಕ್ಕೆಲ್ಲ ಶೀಟ್ ಯಾಕೆ? ನನ್ನ ಹತ್ತಿರ ಆರ್‌ಪಿಎನ್ (ಮೊದಲು ಸಂಖ್ಯೆಗಳು, ಆಮೇಲೆ ಚಿಹ್ನೆ ಒತ್ತುವ) ಕ್ಯಾಲ್ಕುಲೇಟರ್ ಇದೆ, ಅದರಲ್ಲಿ = ಗುಂಡಿಯೇ ಇಲ್ಲ. 19 ಎಂಟರ್ 7 ಭಾಗಾಕಾರ. 2.714 ಚಿಲ್ಲರೆ. ಮುಗಿಯಿತು. ಇಂಥವು ಇನ್ನೂ ನಾಲ್ಕು ಇವೆ, ಫೋಟೋ ಬೇಕಾದರೆ ಹಾಕುತ್ತೇನೆ.

ಛೇದ_ಸೊನ್ನೆ:
ಫೋಟೋ ಆಮೇಲೆ. ಏರಿಕೆಕ್ರಮ, ಒಂದೇ ಪ್ರಶ್ನೆ. ಸಂಖ್ಯೆಗಳು ಸೆಲ್‌ನ ಎಡಕ್ಕೆ ಅಂಟಿಕೊಂಡಿವೆಯಾ, ಬಲಕ್ಕಾ?

ಏರಿಕೆಕ್ರಮ:
ಎಡಕ್ಕೆ. 19/7 ಹೊಡೆದರೆ 19-ಜುಲೈ ಆಗುತ್ತಿತ್ತು. ಅದಕ್ಕೇ ಮೊದಲೇ ಇಡೀ ಕಾಲಂ ಟೆಕ್ಸ್ಟ್ ಮಾಡಿಟ್ಟಿದ್ದೆ. ಅದು ಎಲ್ಲರೂ ಮಾಡುವುದೇ ಅಲ್ವಾ?

ಛೇದ_ಸೊನ್ನೆ:
ಇದನ್ನು ಮೊದಲೇ ಹೇಳಬಾರದಿತ್ತೇ ಮಾರಾಯ್ರೇ! ಆ 45 ಸಾವಿರವೂ ಇದೇ, ಜುಲೈ 19ರ ದಿನಸಂಖ್ಯೆ. ಶೀಟ್ 1900ರ ಶುರುವಿನಿಂದ ದಿನ ಎಣಿಸಿಕೊಂಡು ಬರುತ್ತದೆ.

ಎಡಕ್ಕೆ ಕೂತಿವೆ ಅಂದರೆ ಅವು ಶೀಟ್‌ಗೆ ಸಂಖ್ಯೆಗಳಲ್ಲ, ಟೆಕ್ಸ್ಟ್. ಹಾಗಾಗಿ ನಿಮ್ಮ ಶೀಟ್ ಬೆಲೆಯನ್ನು ನೋಡುತ್ತಲೇ ಇಲ್ಲ. ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಒಂದೊಂದೇ ಅಕ್ಷರ ನೋಡುತ್ತಿದೆ. 1ರಿಂದ ಶುರುವಾಗುವ 19/7 ಮೇಲೆ. 2ರಿಂದ ಶುರುವಾಗುವ ಮೂರರಲ್ಲಿ ಎರಡನೇ ಅಕ್ಷರ ಖಾಲಿ ಜಾಗ, ಚುಕ್ಕಿ, 7. ಅದೇ ಕ್ರಮದಲ್ಲಿ ಕೂತಿವೆ. ಕೊನೆಗೆ 3. ಉಳಿದ ನಾಲ್ಕು ಸರಿಯಾಗಿ ಬಂದಿದ್ದು ಸುಮ್ನೆ ಅದೃಷ್ಟ. ನಂಬಿಕೆ ಇಲ್ಲದಿದ್ದರೆ 12 ಸೇರಿಸಿ ಸಾರ್ಟ್ ಮಾಡಿ.

ಏರಿಕೆಕ್ರಮ:
12 ಹೋಗಿ ಎಲ್ಲಕ್ಕಿಂತ ಮೇಲೆ ಕೂತಿತು 😐 ಕಾಲಂನ ಫಾರ್ಮ್ಯಾಟ್ ಟೆಕ್ಸ್ಟ್‌ನಿಂದ ಜನರಲ್‌ಗೆ ಬದಲಿಸಿದೆ. ಏನೂ ಬದಲಾಗಲಿಲ್ಲ.

ಛೇದ_ಸೊನ್ನೆ:
ಫಾರ್ಮ್ಯಾಟ್ ಬದಲಿಸಿದರೆ ಒಳಗಿರುವುದು ಬದಲಾಗಲ್ಲ, ಮತ್ತೆ ಟೈಪ್ ಮಾಡಬೇಕು. ಮಾಡಿದರೆ 19/7 ಮತ್ತೆ ಜುಲೈ ಆಗುತ್ತದೆ! ಹಾಗಾಗಿ ಮಕ್ಕಳಿಗೆ ತೋರಿಸುವ ಕಾಲಂ ಟೆಕ್ಸ್ಟ್ ಆಗಿಯೇ ಇರಲಿ. ಪಕ್ಕದಲ್ಲಿ ರೌಂಡ್ ಅಳಿಸಿ ಬೆಲೆ ಹಾಕಿ: =19/7, =2+3/4, =275/100, 2.8, 3. ಎರಡೂ ಕಾಲಂ ಒಟ್ಟಿಗೆ ಆಯ್ದು, ಬೆಲೆಯ ಕಾಲಂ ಮೇಲೆ ಸಾರ್ಟ್ ಕೊಡಿ. ಆಮೇಲೆ ಬೆಲೆಯ ಕಾಲಂ ಅಡಗಿಸಿಡಿ.

ಬಿಟ್_ಬೈರಾಗಿ:
19/7 ಕರಾರುವಾಕ್ಕಾಗಿ ಕೂರಲ್ಲ ಅನ್ನುವುದು ನೆನಪಿರಲಿ.

ಏರಿಕೆಕ್ರಮ:
ಬಂತು! 19/7, 2 3/4, 275%, 2.8, 3. ಆದರೆ ಮೊದಲು ಸಾಲುಗಳನ್ನು ಅದಲುಬದಲು ಮಾಡಿ ಮತ್ತೆ ಸಾರ್ಟ್ ಕೊಟ್ಟರೆ 275% ಮೇಲೆ, 2 3/4 ಕೆಳಗೆ ಬಂತು. ಯಾವುದು ಸರಿ?

ಛೇದ_ಸೊನ್ನೆ:
ಎರಡೂ ಸರಿ. ಎರಡೂ 2.75 ತಾನೇ. ಮಗು ಹೇಗೆ ಬರೆದರೂ ಅಂಕ ಕೊಡಿ.

ಏರಿಕೆಕ್ರಮ:
ಉತ್ತರದ ಹಾಳೆ ಆಗಲೇ ಪ್ರಿಂಟ್ ಆಗಿದೆ. ಒಂದೇ ಉತ್ತರ ಇದೆ.

ಹಳೇ_ಗುಂಡಿ:
ಫೋಟೋ ಹಾಕಿದ್ದೇನೆ. ಎಡದಿಂದ ಎರಡನೆಯದರ ಬ್ಯಾಟರಿ ಮುಚ್ಚಳ ಯಾರ ಹತ್ತಿರವಾದರೂ ಇದೆಯೇ?