ಮೊಬೈಲಿನಲ್ಲಿ ಫಳಫಳ, ಹಾಳೆ ಮೇಲೆ ಮಂಕು: ತಪ್ಪು ಪ್ರಿಂಟರಿನದಾ, ನಮ್ಮದಾ?

ಟೀಚರಮ್ಮ: ಮಕ್ಕಳೇ ತೆಗೆದ ಫೋಟೋಗಳನ್ನು ತರಗತಿ ಗೋಡೆಗೆ ಹಾಕೋಣ ಅಂತ ಸ್ಟಾಫ್ ರೂಮಿನ ಇಂಕ್‌ಜೆಟ್ (ಮಸಿ ಚಿಮ್ಮಿಸೋ) ಪ್ರಿಂಟರಿನಲ್ಲಿ 40 ಪ್ರಿಂಟ್ ತೆಗೆದೆ. ಎಲ್ಲಾ ಮಂಕು, ಕಪ್ಪು. ಮೇಲಿಂದ ಅಡ್ಡಡ್ಡ ಬಿಳಿ ಗೆರೆ ಬೇರೆ. ಒಬ್ಬಳು "ಮಿಸ್, ನಮ್ಮ ನಾಯಿ ಜೀಬ್ರಾ ಆಗಿದೆ" ಅಂದಳು. ಹೊಸ ಪ್ರಿಂಟರ್ ಕೊಳ್ಳೋದಾ, ಫೋಟೋ ಲ್ಯಾಬಿಗೆ ಕೊಡೋದಾ?

ಲ್ಯಾಬ್ ಪಕ್ಷ: ಕಣ್ಣು ಮುಚ್ಚಿಕೊಂಡು ಲ್ಯಾಬಿಗೆ ಕೊಡಿ. ನಾನೂ ಒಂದು ಕಾಲದಲ್ಲಿ ಮನೆಯಲ್ಲೇ ಪ್ರಿಂಟ್ ಮಾಡುತ್ತೇನೆ ಅಂತ ಹೊರಟವನೇ. ಎರಡು ತಿಂಗಳು ಮುಟ್ಟದೆ ಬಿಟ್ಟರೆ ಮಸಿ ಒಣಗಿ ಕೂರುತ್ತಿತ್ತು, ಪ್ರಿಂಟರಿನ ಕ್ಲೀನಿಂಗ್ ಬಟನ್ ಒತ್ತಿದಾಗೆಲ್ಲ ಒಂದಿಷ್ಟು ಮಸಿ ಒಳಗಿನ ಪ್ಯಾಡಿಗೆ ಹೋಗುತ್ತಿತ್ತು, ಕೊನೆಗೆ ಲೆಕ್ಕ ಹಾಕಿದರೆ ಫೋಟೋಗಿಂತ ಕ್ಲೀನಿಂಗಿಗೇ ಜಾಸ್ತಿ ಸುರಿದಿದ್ದೆ.

ಮಸಿಕುಡಿಕೆ: ಒಣಗೋದು ನಿಜ. ಆದರೆ ವಾರಕ್ಕೊಂದು ಬಣ್ಣದ ಪುಟ ತೆಗೆದರೆ ಆ ಕಾಟ ಬಹಳ ಕಮ್ಮಿ. ಟೀಚರಮ್ಮ, ಬಿಳಿ ಗೆರೆ ಅಂದರೆ ಹೆಚ್ಚಾಗಿ ನಾಝಲ್ (ಮಸಿ ಚಿಮ್ಮೋ ಸಣ್ಣ ತೂತು) ಕಟ್ಟಿಕೊಂಡಿದೆ. ಮೊದಲು ನಾಝಲ್ ಚೆಕ್ ಪುಟ ತೆಗೆಯಿರಿ, ಯಾವ ಬಣ್ಣದ ಗೆರೆ ತುಂಡಾಗಿದೆ ಅಂತ ಅಲ್ಲೇ ಕಾಣುತ್ತೆ. ಒಂದೆರಡು ಸಲ ಕ್ಲೀನಿಂಗ್ ಮಾಡಿ. ಹೋಗದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿ. ಸುಮ್ನೆ ಒತ್ತುತ್ತಾ ಕೂರಬೇಡಿ. ಅಂದ ಹಾಗೆ ಹಾಳೆ ಯಾವುದು?

ಟೀಚರಮ್ಮ: ಜೆರಾಕ್ಸ್ ಹಾಳೆ. ಸೆಟ್ಟಿಂಗ್ ಮುಟ್ಟೇ ಇಲ್ಲ.

ಮಸಿಕುಡಿಕೆ: ಸಿಕ್ಕಿಬಿದ್ದಿರಿ ನೋಡಿ! ಆ ಹಾಳೆ 70-80 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ), ಮಸಿಯನ್ನು ಒಳಕ್ಕೆ ಎಳೆದುಕೊಂಡು ಹರಡಿಬಿಡುತ್ತೆ. ಫೋಟೋ ಪೇಪರ್ ಸಾಮಾನ್ಯವಾಗಿ 180ರಿಂದ 260 ಇರುತ್ತೆ. ಆದರೆ ಗುಟ್ಟು ದಪ್ಪದಲ್ಲಿಲ್ಲ, ಮೇಲಿನ ಲೇಪದಲ್ಲಿದೆ. ಮಸಿಯನ್ನು ಮೇಲ್ಗಡೆಯೇ ಹಿಡಿದಿಡೋದು ಅದೇ. ಒಳ್ಳೇ ಪೇಪರ್ ಹಾಕಿ, ಪ್ರಿಂಟ್ ವಿಂಡೋದಲ್ಲಿ "ಪ್ಲೈನ್ ಪೇಪರ್" ಅಂತಲೇ ಬಿಟ್ಟರೆ ಮತ್ತೆ ಮಂಕೇ, ಯಾಕೆಂದರೆ ಎಷ್ಟು ಮಸಿ ಹಾಕಬೇಕು ಅನ್ನೋದನ್ನು ಪ್ರಿಂಟರ್ ನೋಡೋದು ಆ ಸೆಟ್ಟಿಂಗಿನಲ್ಲಿ, ಹಾಳೆಯಲ್ಲಲ್ಲ. ಲೇಪ ಇಲ್ಲದ ಬದಿಗೆ ಹೊಡೆದರಂತೂ ಕಲಸಿಹೋಗುತ್ತೆ. ಒದ್ದೆ ಬೆರಳಿನಿಂದ ಮೂಲೆ ಮುಟ್ಟಿ, ಸ್ವಲ್ಪ ಅಂಟಿಕೊಳ್ಳೋದು ಸರಿಯಾದ ಬದಿ.

ಎರಡು ಮಕ್ಕಳ ಅಪ್ಪ: ಇಂಕ್‌ಜೆಟ್ ಗ್ಲಾಸಿ ಪೇಪರನ್ನು ಮರೆತೂ ಲೇಸರ್ ಪ್ರಿಂಟರಿಗೆ ಹಾಕಬೇಡಿ. ಮಗನ ಪ್ರಾಜೆಕ್ಟ್ ಅಂತ ನಾನು ಹಾಕಿದೆ. ಅದರೊಳಗೆ ಟೋನರ್ ಅನ್ನೋ ಬಣ್ಣದ ಪುಡಿ ಕರಗಿಸೋ ರೋಲರ್ 200 ಡಿಗ್ರಿ ಹತ್ತಿರ ಕಾದಿರುತ್ತೆ. ಲೇಪ ಕರಗಿ ಹಪ್ಪಳದ ಹಾಗೆ ಸುತ್ತಿಕೊಂಡಿತು, ಪ್ರಿಂಟರೇ ರಿಪೇರಿಗೆ ಹೋಯಿತು.

ಲ್ಯಾಬ್ ಪಕ್ಷ: ನೋಡಿ, ಒಂದು ನಾಯಿ ಫೋಟೋಗೆ ಇಷ್ಟು ಪಾಠ. ಲ್ಯಾಬಿನಲ್ಲಿ ಇದ್ಯಾವುದೂ ಇಲ್ಲ.

ನಿಧಾನಿ: ಲ್ಯಾಬಿಗೆ ಕೊಟ್ಟರೂ ಫೈಲ್ ಸರಿ ಇರಬೇಕಲ್ವಾ? ಮಕ್ಕಳು ಫೋಟೋ ಕಳಿಸಿದ್ದು ಗ್ರೂಪಿನಲ್ಲಿ ಅಂತ ನನ್ನ ಅನುಮಾನ. ಮೆಸೇಜ್ ಆಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳಿಸುತ್ತವೆ. 4×6 ಇಂಚಿಗೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಲೆಕ್ಕದಲ್ಲಿ 1200×1800 ಪಿಕ್ಸೆಲ್ ಸಾಕು, ಅಂದರೆ 2 ಮೆಗಾಪಿಕ್ಸೆಲ್ ಚಿಲ್ಲರೆ. ಎ4 ತುಂಬ ಬೇಕಾದರೆ 2480×3508. ಕುಗ್ಗಿದ ಫೈಲ್ ಚಿಕ್ಕ ಪ್ರಿಂಟಿಗೆ ಹೇಗೋ ಆಗುತ್ತೆ, ಎ4ಗೆ ಹಿಗ್ಗಿಸಿದರೆ ಮುಖ ಮಸುಕು. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಇಲ್ಲಾ ಕೇಬಲ್ ಹಾಕಿ ತೆಗೆದುಕೊಳ್ಳಿ.

ಇನ್ನೊಂದು ಸಿಟ್ಟು ಇದೆ. ಮೊಬೈಲ್ ಫೋಟೋದ ಉದ್ದ-ಅಗಲದ ಅನುಪಾತ ಸಾಮಾನ್ಯವಾಗಿ 4:3, 4×6 ಪೇಪರಿನದು 3:2. ಪೇಪರ್ ತುಂಬಿಸಿದರೆ ಚಿತ್ರದ ಒಂಬತ್ತರಲ್ಲಿ ಒಂದು ಪಾಲು ಹೋಗುತ್ತೆ. ಏನು ಹೋಗಬೇಕು ಅಂತ ನೀವು ಹೇಳದಿದ್ದರೆ ಮೆಷಿನ್ ತೀರ್ಮಾನ ಮಾಡುತ್ತೆ. ನಮ್ಮ ಮನೆಯ ಒಂದು ಗುಂಪು ಫೋಟೋದಲ್ಲಿ ಹಿಂದೆ ನಿಂತವರಿಗೆಲ್ಲ ಹಣೆಯೇ ಇಲ್ಲ. ಅದು ಲ್ಯಾಬ್ ಪ್ರಿಂಟೇ ಸ್ವಾಮಿ.

ಲ್ಯಾಬ್ ಪಕ್ಷ: ಅದು ಒಪ್ಪಿದೆ. ಆದರೆ ಕಪ್ಪಗೆ ಬಂದಿದ್ದಕ್ಕೆ?

ಮಸಿಕುಡಿಕೆ: ಪರದೆ ತಾನೇ ಬೆಳಗುತ್ತೆ, ಕಾಗದ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತೆ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ, ಪ್ರಿಂಟ್ ಹೇಗೆ ಬರುತ್ತೆ ಅನ್ನೋದು ಹೆಚ್ಚುಕಮ್ಮಿ ಅದೇ. ಒಂದೇ ಹಾಳೆಯಲ್ಲಿ ಅದೇ ಫೋಟೋವನ್ನು ಚಿಕ್ಕದಾಗಿ ನಾಲ್ಕು ಸಲ ಹಾಕಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಬೆಳಕು ಏರಿಸಿ. ಯಾವುದು ಚೆನ್ನಾಗಿದೆ ಅಂತ ಮಕ್ಕಳೇ ಆರಿಸಲಿ.

ಎರಡು ಮಕ್ಕಳ ಅಪ್ಪ: ರಿಬ್ಬನ್ನಿನ ಬಣ್ಣವನ್ನು ಬಿಸಿಯಿಂದ ಹಾಳೆಗೆ ಇಳಿಸೋ ಡೈ-ಸಬ್ ಪುಟಾಣಿ ಪ್ರಿಂಟರ್ ಯಾಕೆ ಬೇಡ? ಹಳದಿ, ಮೆಜೆಂಟಾ (ಕಡುಗುಲಾಬಿ), ಸಯಾನ್ (ಹಸಿರು ಬೆರೆತ ನೀಲಿ), ಕೊನೆಗೆ ಮೇಲೊಂದು ಪಾರದರ್ಶಕ ಪದರ ಅಂತ ಹಾಳೆ ನಾಲ್ಕು ಸಲ ಒಳಗೆ ಹೋಗಿ ಬರುತ್ತೆ, ಒಣಗಿದ ಪ್ರಿಂಟೇ ಕೈಗೆ ಬರುತ್ತೆ. ಮಕ್ಕಳು ಅದನ್ನು ನೋಡುತ್ತಾ ನಿಂತುಬಿಡುತ್ತಾರೆ. ನಾಝಲ್ಲೇ ಇಲ್ಲ, ಕಟ್ಟಿಕೊಳ್ಳೋದೆಲ್ಲಿ ಬಂತು?

ನಿಧಾನಿ: ಚೆನ್ನಾಗಿದೆ. ಆದರೆ ಅದರ ರಿಬ್ಬನ್ನಿನಲ್ಲಿ ಎಣಿಸಿದಷ್ಟೇ ಪ್ರಿಂಟ್. ಚಿತ್ರದಲ್ಲಿ ಬರೀ ಆಕಾಶ ಇದ್ದರೂ ರಿಬ್ಬನ್ ಅಷ್ಟೇ ಖರ್ಚು. ದೊಡ್ಡ ಸೈಜೂ ಸಿಗಲ್ಲ.

ಟೀಚರಮ್ಮ: ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಪ್ರಿಂಟರ್ ಕೊಂಡಿಲ್ಲ. ಸಯಾನ್ ನಾಝಲ್ ಕಟ್ಟಿತ್ತು, ಎರಡನೇ ಕ್ಲೀನಿಂಗಿಗೆ ಬಿಟ್ಟಿತು. ಮ್ಯಾಟ್ ಫೋಟೋ ಪೇಪರ್ ತಂದು, ಸೆಟ್ಟಿಂಗ್ ಬದಲಿಸಿ, ನಾಲ್ಕರ ಪರೀಕ್ಷೆ ಮಾಡಿದೆವು. ಮಕ್ಕಳು ಮೂರನೆಯದನ್ನು ಆರಿಸಿದರು, ನನಗಂತೂ ಎರಡನೆಯದೇ ಇಷ್ಟ ಇತ್ತು. 40ರಲ್ಲಿ 12 ಫೋಟೋ ಅವರೇ ಉಳಿಸಿಕೊಂಡರು. ಗೋಡೆ ತುಂಬುವ ದೊಡ್ಡದು ಎರಡನ್ನು ಲ್ಯಾಬಿಗೆ ಕೊಡುತ್ತೇನೆ, ಅಷ್ಟು ಸೋಲು ಒಪ್ಪಿಕೊಳ್ಳುತ್ತೇನೆ. ನಾಯಿಯ ಪಟ್ಟೆ ಹೋಗಿದೆ. ಪೇಪರ್ ತುಂಬಿಸಲು ಹೋಗಿ ಬಾಲ ಕತ್ತರಿಸಿದೆ, ಅವಳು ಬಿಡಲಿಲ್ಲ. ಈಗ ಎರಡೂ ಕಡೆ ಬಿಳಿ ಅಂಚು ಬಿಟ್ಟು, ಬಾಲದ ಸಮೇತ ಹಾಕಿದ್ದೇವೆ.