ಕೋಟೆ ಬಾಗಿಲ ಮೇಲೆ ಬೇರೆ ರಾತ್ರಿಯ ಆಕಾಶ ಕೂರಿಸಬಹುದಾ?

ಮುಗಿಲುನೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ಅಮಾವಾಸ್ಯೆ ರಾತ್ರಿ ಒಂದು ಪಾಳುಬಿದ್ದ ಕೋಟೆಯ ಬಾಗಿಲ ಮುಂದೆ ನಾಲ್ಕು ಗಂಟೆ ನಿಂತಿದ್ದೆ. 20 ಎಂಎಂ ಲೆನ್ಸ್, ಎಫ್ 2.8, ಐಎಸ್‌ಒ 3200, ಪ್ರತಿ ಚಿತ್ರಕ್ಕೆ 20 ಸೆಕೆಂಡ್ ಶಟರ್ ತೆರೆದಿಟ್ಟಿದ್ದೆ. ನಕ್ಷತ್ರಗಳು ಚೆನ್ನಾಗಿ ಬಂದವು. ಬಾಗಿಲು ಮಾತ್ರ ಬರೀ ಕಪ್ಪು. ಒಂದು ಕಲ್ಲೂ ಕಾಣುವುದಿಲ್ಲ.

ಇನ್ನೊಂದು ಬೇಸರ. ಬಾಗಿಲ ಮೇಲೆ ಕ್ಷೀರಪಥ ಬರುತ್ತದೆ ಅಂದುಕೊಂಡು ಹೋಗಿದ್ದೆ. ನಾನು ಉತ್ತರಕ್ಕೆ ಮುಖ ಮಾಡಿ ನಿಂತಿದ್ದೆ, ಅದರ ದಟ್ಟವಾದ ಭಾಗ ನನ್ನ ಬೆನ್ನ ಹಿಂದೆ ಇತ್ತು.

ಗೆಳೆಯರೊಬ್ಬರು ಸುಲಭದ ದಾರಿ ಹೇಳಿದರು. ಹೋದ ವರ್ಷ ಬೆಟ್ಟದ ಮೇಲೆ ತೆಗೆದ ಕ್ಷೀರಪಥ ಇದೆಯಲ್ಲ, ಅದನ್ನೇ ಇದರ ಮೇಲೆ ಕೂರಿಸು, ಯಾರಿಗೆ ಗೊತ್ತಾಗುತ್ತೆ ಅಂತ. ಕೂರಿಸಿದೆ. ಚೆನ್ನಾಗಿಯೇ ಕಾಣಿಸಿತು. ಆದರೂ ಮನಸ್ಸು ಒಪ್ಪುತ್ತಿಲ್ಲ. ಎರಡು ದಿನದಿಂದ ಆ ಫೈಲ್ ತೆರೆಯುವುದು, ಮುಚ್ಚುವುದು, ಇದೇ ಆಗಿದೆ. ನೀವಾದರೆ ಏನು ಮಾಡುತ್ತಿದ್ದಿರಿ?

ಬಣ್ಣದಪೆಟ್ಟಿಗೆ:

ಕೂರಿಸಿ, ತಪ್ಪೇನಿಲ್ಲ. ಎರಡು ಜಾಗದ ಚಿತ್ರ ಸೇರಿಸಿದ್ದು ಅಂತ ಕೆಳಗೆ ಬರೆದುಬಿಡಿ. ಮುಚ್ಚಿಟ್ಟರೆ ಮಾತ್ರ ತಪ್ಪು.

ಧ್ರುವದಾರಿ:

ಮುಗಿಲುನೋಟ ಅವರೇ, ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ನಾನೂ ಶುರುವಿನಲ್ಲಿ ಹೀಗೆ ಮಾಡಿದ್ದೆ. ಒಂದು ಗೋಪುರದ ಮೇಲೆ ಬೇರೆ ಕಡೆಯ ಕ್ಷೀರಪಥ ಕೂರಿಸಿ ಎಲ್ಲರಿಗೂ ತೋರಿಸಿದೆ. ಆಕಾಶ ನೋಡುವ ಹವ್ಯಾಸದ ಒಬ್ಬ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಈ ಗೋಪುರ ನಿಮಗೆ ಯಾವ ದಿಕ್ಕಿಗಿತ್ತು?" ಉತ್ತರಕ್ಕೆ ಅಂದೆ. ಅವರು ಮತ್ತೇನೂ ಹೇಳಲಿಲ್ಲ. ಅವತ್ತೇ ಆ ಚಿತ್ರ ತೆಗೆದುಹಾಕಿದೆ.

ಕ್ಷೀರಪಥದ ನಡುಭಾಗ ಇರುವುದು ಧನು ರಾಶಿಯ ಕಡೆ. ಭೂಮಧ್ಯರೇಖೆಯಿಂದ ಉತ್ತರಕ್ಕಿರುವವರಿಗೆ ಅದು ಆಗ್ನೇಯದಲ್ಲಿ ಹುಟ್ಟಿ ನೈಋತ್ಯದಲ್ಲಿ ಮುಳುಗುತ್ತದೆ. ಉತ್ತರದ ಬಾಗಿಲ ಮೇಲೆ ಅದು ಯಾವತ್ತೂ ಬರುವುದಿಲ್ಲ. ಆ ಬಾಗಿಲು ಕಟ್ಟಿದವರೂ ಅಲ್ಲಿ ಅದನ್ನು ನೋಡಿಲ್ಲ. ಹಳೆಯ ಕಟ್ಟಡದ ಮೇಲಿನ ಆಕಾಶ ಸುಮ್ನೆ ಹಿಂದಿನ ಪರದೆ ಅಲ್ಲ, ಅದು ಆ ಜಾಗದ ಗುರುತು.

ನನಗೆ ಈ ಹುಚ್ಚು ಹಿಡಿದಿದ್ದೇ ಇರಾನ್ ಮೂಲದ ಬಾಬಕ್ ತಫ್ರೇಶಿ ಅವರ ಚಿತ್ರಗಳಿಂದ. 2007ರಲ್ಲಿ ಅವರು 'ದಿ ವರ್ಲ್ಡ್ ಅಟ್ ನೈಟ್' ಅನ್ನೋ ಯೋಜನೆ ಶುರು ಮಾಡಿದರು. ಬೇರೆ ಬೇರೆ ದೇಶದ ಛಾಯಾಗ್ರಾಹಕರು ಸ್ಮಾರಕಗಳ ಮೇಲಿನ, ಬೆಟ್ಟ ಕಡಲುಗಳ ಮೇಲಿನ ರಾತ್ರಿ ಆಕಾಶವನ್ನು ತೆಗೆದು ಒಂದೆಡೆ ಇಡುತ್ತಾರೆ. ನೆಲದಲ್ಲಿ ಗಡಿಗಳಿದ್ದರೂ ಎಲ್ಲರ ತಲೆಯ ಮೇಲಿರುವ ಆಕಾಶ ಒಂದೇ ಅಂತ ತೋರಿಸುವುದು ಅವರ ಆಸೆ. ಆ ಮಾತಿಗೆ ಬೆಲೆ ಬರಬೇಕಾದರೆ ಪ್ರತಿ ಚಿತ್ರದ ಆಕಾಶವೂ ಆ ಜಾಗದ್ದೇ ಆಗಿರಬೇಕು ಅಲ್ವಾ?

ಈಗ ನಿಮ್ಮ ಕಪ್ಪು ಬಾಗಿಲಿನ ವಿಷಯ. ಟ್ರೈಪಾಡ್ ಅಲುಗಾಡಿಸದೆ, ಅದೇ ಹೊತ್ತಿನಲ್ಲಿ, 4 ನಿಮಿಷದ ಇನ್ನೊಂದು ಚಿತ್ರ ತೆಗೆಯಿರಿ. 20 ಸೆಕೆಂಡಿಗಿಂತ 12 ಪಟ್ಟು ಜಾಸ್ತಿ ಬೆಳಕು ಸೇರುತ್ತದೆ. ನಕ್ಷತ್ರಗಳು ಗೆರೆಯಾಗುತ್ತವೆ, ಆಗಲಿ. ಆ ಚಿತ್ರದಿಂದ ಕಲ್ಲನ್ನು ಮಾತ್ರ ತೆಗೆದುಕೊಳ್ಳಿ. ಒಂದೇ ಜಾಗ, ಒಂದೇ ರಾತ್ರಿ, ಒಂದೇ ನೋಟ. ಇದನ್ನು ನಾನು ಒಪ್ಪುತ್ತೇನೆ.

ಅದಕ್ಕಿಂತ ನನಗೆ ಇಷ್ಟವಾದ ದಾರಿ ಚಂದ್ರ. ಅಮಾವಾಸ್ಯೆ ಕಳೆದು ನಾಲ್ಕನೇ ದಿನ ಹೋಗಿ. ಸೂರ್ಯ ಮುಳುಗಿದ ಮೇಲೆ ಸುಮಾರು 3 ಗಂಟೆ ಆ ಎಳೆ ಚಂದ್ರ ಪಶ್ಚಿಮದಲ್ಲಿರುತ್ತಾನೆ. ನೀವು ಉತ್ತರಕ್ಕೆ ನಿಂತರೆ ಬೆಳಕು ಎಡಗಡೆಯಿಂದ ಓರೆಯಾಗಿ ಬೀಳುತ್ತದೆ. ಉಳಿಯ ಗುರುತುಗಳೂ ಎದ್ದು ಕಾಣುತ್ತವೆ. ಯಾವ ಟಾರ್ಚೂ ಅಂಥ ಬೆಳಕು ಕೊಡುವುದಿಲ್ಲ.

ಮತ್ತೆ, ಉತ್ತರದ ಬಾಗಿಲು ಸಿಕ್ಕಿದ್ದು ಅದೃಷ್ಟ ಅಂದುಕೊಳ್ಳಿ. ನಕ್ಷತ್ರಗಳ ಗೆರೆ ತೆಗೆಯಲು ಅದಕ್ಕಿಂತ ಒಳ್ಳೆಯ ದಿಕ್ಕಿಲ್ಲ. 30 ಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೆ ಒಂದು ತೆಗೆಯುತ್ತಾ ಹೋಗಿ. ಗಂಟೆಗೆ ಸುಮಾರು 120 ಆಗುತ್ತವೆ. ಆ ಒಂದು ಗಂಟೆಯಲ್ಲಿ ಆಕಾಶ 15 ಡಿಗ್ರಿ ತಿರುಗಿರುತ್ತದೆ. ಕ್ಯಾಮೆರಾದಲ್ಲಿ ಚಿತ್ರದ ಚುಕ್ಕೆಗಳನ್ನು ಕಳೆಯುವ 'ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್' ಅನ್ನೋ ಸೆಟ್ಟಿಂಗ್ ಆಫ್ ಮಾಡುವುದು ಮರೆಯಬೇಡಿ. ಅದು ಆನ್ ಇದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿರುತ್ತದೆ, ಗೆರೆ ತುಂಡು ತುಂಡಾಗುತ್ತದೆ. ಎಲ್ಲವನ್ನೂ ಸೇರಿಸಿದಾಗ ಧ್ರುವ ನಕ್ಷತ್ರದ ಸುತ್ತ ಬಳೆಗಳು ಮೂಡುತ್ತವೆ. ನೀವಿರುವ ಜಾಗದ ಅಕ್ಷಾಂಶ ಎಷ್ಟು ಡಿಗ್ರಿಯೋ, ಧ್ರುವವೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರ. ಗೀಜಾದ ಪಿರಮಿಡ್ ಹತ್ತಿರ ಸುಮಾರು 30, ಇಂಗ್ಲೆಂಡಿನ ಹಳೆಯ ಕಲ್ಲುಕಂಬಗಳ ವೃತ್ತ ಸ್ಟೋನ್‌ಹೆಂಜ್ ಹತ್ತಿರ ಸುಮಾರು 51. ಬಳೆಗಳ ನಡುಬಿಂದು ನೋಡಿದರೇ ಊರು ಎಲ್ಲಿದೆ ಅಂತ ಅಂದಾಜು ಮಾಡಬಹುದು.

ನನಗೆ ಯಾವಾಗಲೂ ಮೈ ಜುಮ್ ಅನ್ನಿಸುವ ಸಂಗತಿ ಒಂದಿದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಪಿರಮಿಡ್ ಕಟ್ಟುವಾಗ, ಅಂದರೆ ಸುಮಾರು 4,500 ವರ್ಷದ ಹಿಂದೆ, ಆ ನಡುಬಿಂದುವಿನ ಹತ್ತಿರ ಇದ್ದದ್ದು ಥೂಬನ್ ಅನ್ನೋ ಬೇರೆ ನಕ್ಷತ್ರ. ಕಲ್ಲು ಅಲ್ಲೇ ಇದೆ, ಬಳೆಗಳ ನಡುವಿನ ನಕ್ಷತ್ರ ಬದಲಾಗಿದೆ.

ಕಾವಲುಗಲ್ಲು:

ಎರಡು ಮಾತು ಸೇರಿಸುತ್ತೇನೆ. ರಾತ್ರಿ ಒಳಗಿರಲು ಮೊದಲೇ ಅನುಮತಿ ಕೇಳಿ. ಮತ್ತು ಹಳೆಯ ಕಟ್ಟಡದಲ್ಲಿ ಯಾರಾದರೂ ಸ್ಟೀಲ್ ವುಲ್‌ಗೆ (ಉಕ್ಕಿನ ನಾರಿನ ಉಂಡೆ) ಬೆಂಕಿ ಹಚ್ಚಿ ಕಿಡಿ ತಿರುಗಿಸಲು ಹೊರಟರೆ ದಯವಿಟ್ಟು ತಡೆಯಿರಿ. ಕಾದ ಕಿಡಿ ಕಲ್ಲಿನ ಮೇಲೆ ಕಲೆ ಬಿಡುತ್ತದೆ, ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ. ನಡೆದಾಡಲು ಕೆಂಪು ದೀಪ ಇಟ್ಟುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಒಂದು ಸಲ ಫೋನ್ ನೋಡಿದರೆ ಅಷ್ಟೂ ಹೋಯಿತು.

ಮುಗಿಲುನೋಟ:

ಧ್ರುವದಾರಿ ಅವರೇ, ತುಂಬಾ ಧನ್ಯವಾದ. ಕೂರಿಸಿದ ಫೈಲ್ ಅಳಿಸಿಬಿಟ್ಟೆ. ಮುಂದಿನ ಅಮಾವಾಸ್ಯೆ ಆದ ನಾಲ್ಕನೇ ದಿನ ಅದೇ ಬಾಗಿಲಿಗೆ ಹೋಗುತ್ತೇನೆ. ಮೊದಲು ಚಂದ್ರನ ಬೆಳಕಲ್ಲಿ ಕಲ್ಲು, ಅವನು ಮುಳುಗಿದ ಮೇಲೆ ಎರಡು ಗಂಟೆ ಬಳೆಗಳು. ಬಣ್ಣದಪೆಟ್ಟಿಗೆ ಅವರೇ, ನೀವು ಹೇಳಿದ್ದೂ ಪ್ರಾಮಾಣಿಕವೇ, ಆದರೆ ನನಗೆ ಆ ಬಾಗಿಲಿನದ್ದೇ ಆಕಾಶ ಬೇಕು. ಕಳೆದ ಸಲ ನಡುರಾತ್ರಿ ಆದಮೇಲೆ ಲೆನ್ಸ್ ಮೇಲೆ ಇಬ್ಬನಿ ಕೂತು ಕೊನೆಯ ಚಿತ್ರಗಳೆಲ್ಲ ಮಂಜಾಗಿದ್ದವು. ಅದಕ್ಕೇನು ಮಾಡಲಿ?

ಧ್ರುವದಾರಿ:

ಲೆನ್ಸ್ ಸುತ್ತ, ಮುಂದಿನ ಗಾಜಿನ ಹತ್ತಿರ ಡ್ಯೂ ಹೀಟರ್ ಪಟ್ಟಿ (ಗಾಜನ್ನು ಬೆಚ್ಚಗಿಡುವ ಪಟ್ಟಿ) ಕಟ್ಟಿ, ಪವರ್ ಬ್ಯಾಂಕ್‌ಗೆ ಹಾಕಿ. ಇಬ್ಬನಿ ಕೂತ ಮೇಲಲ್ಲ, ಮೊದಲ ಚಿತ್ರಕ್ಕೂ ಮುಂಚೆ. ಪಟ್ಟಿ ಕಟ್ಟಿದ ಮೇಲೆ ಫೋಕಸ್ ಇನ್ನೊಮ್ಮೆ ನೋಡಿಕೊಳ್ಳಿ, ಕಟ್ಟುವಾಗ ರಿಂಗ್ ಸರಿದಿರುತ್ತದೆ.