ಔಷಧ ಹೊಡೆಯುವ ಮೊದಲು ಹುಳು ಯಾವುದೆಂದು ಗುರುತಿಸುವುದು ಹೇಗೆ?

ಪ್ರಶ್ನೆ: ಬಾಗಿಲಿನ ಚೌಕಟ್ಟಿನ ಬುಡದಲ್ಲಿ ದಿನವೂ ಮರದ ಪುಡಿ ಬೀಳುತ್ತಿದೆ. ಕುಂಡದಲ್ಲಿರುವ ದಾಸವಾಳದ ಎಲೆಗಳು ಮುರುಟಿಕೊಂಡು ಅಂಟಂಟಾಗಿವೆ. ಎರಡಕ್ಕೂ ಒಂದೇ ಕೀಟನಾಶಕ ಸಾಕಾಗಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಖಂಡಿತ ಸಾಲದು. ಪುಡಿ ಕಂಡ ಕೂಡಲೇ ಗೆದ್ದಲು ಎಂದು ತೀರ್ಮಾನಿಸುವವರೇ ಹೆಚ್ಚು. ಮೊದಲು ಆ ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿ. ಅದು ಹಿಟ್ಟಿನಷ್ಟು ನಯವಾಗಿದ್ದು, ಮರದಲ್ಲಿ ಒಂದೆರಡು ಮಿಲಿಮೀಟರ್ ಅಗಲದ ದುಂಡು ರಂಧ್ರಗಳಿದ್ದರೆ ಬಹುಮಟ್ಟಿಗೆ ಕುಟ್ಟೆಹುಳುವಿನ ಕೆಲಸ. ನಮ್ಮ ಮನೆಯ ಹಳೆಯ ಕಪಾಟಿನಲ್ಲಿ ಇದ್ದದ್ದು ಅದೇ. ಉಜ್ಜುವಾಗ ತರಿತರಿಯಾದ ಗಟ್ಟಿ ಕಾಳುಗಳು ಸಿಕ್ಕಿ, ಭೂತಗನ್ನಡಿಯಲ್ಲಿ ಒಂದೊಂದಕ್ಕೂ ಆರು ಮುಖಗಳು ಕಂಡರೆ ಅವು ಒಣಮರದ ಗೆದ್ದಲಿನ ಹಿಕ್ಕೆಗಳು. ಈ ಗೆದ್ದಲು ಮಣ್ಣಿನ ಸಂಪರ್ಕವೇ ಇಲ್ಲದೆ ಮರದೊಳಗೆ ಬದುಕುವುದರಿಂದ, ಮನೆಯ ಸುತ್ತ ನೆಲಕ್ಕೆ ಎಷ್ಟು ಔಷಧ ಸುರಿದರೂ ಅದಕ್ಕೆ ತಗಲುವುದಿಲ್ಲ. ಮರಕ್ಕೇ ಉಪಚಾರ ಮಾಡಬೇಕು. ನೆಲದ ಗೆದ್ದಲು ಹೀಗೆ ಪುಡಿ ಉದುರಿಸದೆ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಕಿಟಕಿಯ ಬಳಿ ರೆಕ್ಕೆಯ ಹುಳುಗಳು ಸಿಕ್ಕರೆ ಗುಡಿಸಿ ಎಸೆಯಬೇಡಿ. ಗೆದ್ದಲಿಗೆ ನಾಲ್ಕೂ ರೆಕ್ಕೆಗಳು ಒಂದೇ ಉದ್ದವಿದ್ದು ಸೊಂಟ ದಪ್ಪಗಿರುತ್ತದೆ. ಇರುವೆಗೆ ಹಿಂದಿನ ರೆಕ್ಕೆಗಳು ಗಿಡ್ಡ, ಸೊಂಟ ಸಣ್ಣ, ಕುಡಿಮೀಸೆ ನಡುವೆ ಮುರಿದಂತೆ ಬಾಗಿರುತ್ತದೆ.

ಎರಡನೆಯ ಉತ್ತರ: ದಾಸವಾಳದ ಬಗ್ಗೆ ಹೇಳುವುದಾದರೆ, ಎಲೆಯ ಮೇಲಿನ ಅಂಟು ಸಾಮಾನ್ಯವಾಗಿ ರಸ ಹೀರುವ ಕೀಟದ್ದು. ಎಲೆಯನ್ನು ಮಗುಚಿ, ಚಿಗುರನ್ನೂ ಗೆಣ್ಣುಗಳನ್ನೂ ನೋಡಿ. ಗುಂಪಾಗಿ ಕುಳಿತ, ಹಿಂಬದಿಯಲ್ಲಿ ಎರಡು ಪುಟ್ಟ ಕೊಳವೆಗಳಿರುವ ಮೆತ್ತನೆಯ ಹುಳುಗಳು ಸಸ್ಯಹೇನುಗಳು. ಅಲುಗಿಸಿದರೆ ಎದ್ದು ಹಾರುವವು ಬಿಳಿನೊಣಗಳು. ಬಿಳಿ ಮೇಣ ಮೆತ್ತಿಕೊಂಡು ಕುಳಿತವು ಹಿಟ್ಟುತಿಗಣೆಗಳು. ಗಿಡ ಹತ್ತುವ ಇರುವೆಗಳು ಬರುವುದು ಆ ಸಿಹಿ ಅಂಟಿಗಾಗಿ. ಎಲೆ ಮುರುಟಿಸಿದವು ಅವಲ್ಲ, ಆದರೆ ಸಸ್ಯಹೇನುಗಳನ್ನು ಅವುಗಳ ಶತ್ರುಗಳಿಂದ ಕಾಯುವವು ಅವೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಹಿಟ್ಟುತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆಗಳನ್ನು ಹೊದ್ದು ಚುರುಕಾಗಿ ಓಡಾಡುವ ಮರಿ ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಗಳನ್ನೇ ತಿಂದು ಬೆಳೆಯುತ್ತದೆ. ತಿಗಣೆಗೆ ಆ ಚುರುಕಿಲ್ಲ, ಗುರುತಿಸಲು ಅಷ್ಟು ಸಾಕು.

ಮೂರನೆಯ ಉತ್ತರ: ಮೇಲಿನದಕ್ಕೆ ಒಂದು ಸೇರ್ಪಡೆ. ಅಂಟಿಲ್ಲದೆ ಎಲೆ ಚುಕ್ಕೆಚುಕ್ಕೆಯಾಗಿ ಬಿಳಿಚಿಕೊಂಡಿದ್ದರೆ ಅದನ್ನು ಬಿಳಿ ಕಾಗದದ ಮೇಲೆ ತಟ್ಟಿ. ಉದುರಿದ ಕಣಗಳು ನಡೆದಾಡತೊಡಗಿದರೆ ನುಸಿಯಿರಬಹುದು. ಎಂಟು ಕಾಲಿನ ನುಸಿ ಕೀಟವಲ್ಲವಾದ್ದರಿಂದ ಹಲವು ಕೀಟನಾಶಕಗಳಿಗೆ ಅದು ಜಗ್ಗುವುದಿಲ್ಲ. ಅದನ್ನು ತಿನ್ನುವ ಜೀವಿಗಳು ಮಾತ್ರ ಸತ್ತು ನುಸಿ ಇನ್ನಷ್ಟು ಹೆಚ್ಚುತ್ತದೆ. ಎಲೆಗಳ ಅಡಿಗೆ ರಭಸವಾಗಿ ನೀರು ಹಾಯಿಸಿ ಮೊದಲು ಪ್ರಯತ್ನಿಸಿ. ಔಷಧ ಕೊಳ್ಳಲೇಬೇಕಾದರೆ ನೀವು ಗುರುತಿಸಿದ ಹುಳುವಿನ ಹೆಸರು ಲೇಬಲ್ಲಿನಲ್ಲಿ ಇದೆಯೇ ಎಂದು ಓದಿ ನೋಡಿಯೇ ಕೊಳ್ಳಿ.